ಮೆತ್ತನೆ ನೆಲ

ಅನ್ನಮ್ಮ ಎರಡೂ ಕೈಯಿಂದ ಹಾರೆ ಎತ್ತಿ ಕುಕ್ಕಿದಳು. ಕಿಡಿ ಹಾರಿತು. ಕಲ್ಲು ಹಾರೆಯನ್ನು ವಾಪಸು ಒಗೆಯಿತು. ಆ ಪೆಟ್ಟು ಮುಂಗೈಯಿಂದ ಹೊರಟು ರಟ್ಟೆ ಹತ್ತಿ ಹಲ್ಲಿನ ಬುಡಕ್ಕೆ ಮುಟ್ಟಿತು. ಅವಳು ಮತ್ತೆ ಎತ್ತಿದಳು, ಮತ್ತೆ ಕುಕ್ಕಿದಳು. ಬೆಳಗಿನಿಂದ ಅವಳು ಕುಕ್ಕಿದ ಕುಣಿ ಇನ್ನೂ ಮೊಣಕಾಲಿಗೆ ಬಂದಿರಲಿಲ್ಲ.

ಹೈದರಾಬಾದಿನ ಹೊರಗಿನ ಆ ಗುಡ್ಡದಲ್ಲಿ ಮಣ್ಣು ಅನ್ನುವುದು ಹೆಸರಿಗೆ ಮಾತ್ರ. ಮೇಲೊಂದು ಗೇಣು ಗರಸು, ಅದರ ಕೆಳಗೆ ಹಾಸುಬಂಡೆ. ಜೆಸಿಬಿ ಅರ್ಧ ಗುಡ್ಡ ಹತ್ತಿ, ಆನೆಯಂಥ ಗುಂಡುಕಲ್ಲುಗಳ ನಡುವೆ ದಾರಿ ಸಿಗದೆ ಇಳಿದು ಹೋಗಿತ್ತು. ಯಂತ್ರ ಹತ್ತದ ಕಡೆ ಹತ್ತುವುದಕ್ಕೆಂದು ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯಿಂದ ಇವರನ್ನು ತಂದಿದ್ದರು. ಎಲ್ಲರೂ ಒಂದೇ ಊರಿನ ಮಾದರ ಕೇರಿಯವರು.

ಮಾದಾಪುರದ ಗಾಜಿನ ಕಟ್ಟಡಗಳಲ್ಲಿ ಒಂದು ದೊಡ್ಡ ಕಂಪನಿಯಿತ್ತು. ಕಟ್ಟಡ ಕಟ್ಟುವಾಗ ಅದು ಎಲ್ಲೋ ಮರಗಳನ್ನು ಕಡಿದಿತ್ತಂತೆ. ಅದರ ಬದಲಿಗೆ ಈ ಬೋಳು ಗುಡ್ಡವನ್ನು ಕಾಡು ಮಾಡಿ ತೋರಿಸಬೇಕಿತ್ತು. ಮಳೆ ಬೀಳುವುದರೊಳಗೆ ಗುಡ್ಡದ ತುಂಬ ಕುಣಿ ಆಗಬೇಕು. ಸಂಜೆ ಸುಣ್ಣದ ಗುರುತು ಹಾಕಿದ ಜಾಗಕ್ಕೆ ನೀರು ಬಿಡಬೇಕು. ಬೆಳಿಗ್ಗೆ ನೆನೆದ ಗರಸನ್ನು ಕೆದರಬೇಕು. ಬಂಡೆ ಸಿಕ್ಕರೆ ಅದರ ಮೇಲೆ ಮುಳ್ಳುಕಂಟಿ ಒಟ್ಟಿ ಬೆಂಕಿ ಹಾಕಬೇಕು. ಕಾದು ಬಿರಿದ ಬಂಡೆಗೆ ಉಳಿ ಇಟ್ಟು ಸುತ್ತಿಗೆ ಹೊಡೆಯಬೇಕು. ನೆತ್ತಿಯ ಮೇಲೆ ಬಿಸಿಲು, ಅಂಗಾಲ ಕೆಳಗೆ ಕಾದ ಕಲ್ಲು. ಕುಣಿ ಸೊಂಟದ ಮಟ್ಟ ಆದಮೇಲೆ ಲಾರಿಯಲ್ಲಿ ಬಂದ ಕೆಮ್ಮಣ್ಣನ್ನೂ ತಿಪ್ಪೆಗೊಬ್ಬರವನ್ನೂ ಪುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಗುಡ್ಡ ಹತ್ತಬೇಕು. ಆಗ ಆ ಕಲ್ಲಿನ ಬಾಯಲ್ಲಿ ಒಂದು ಸಸಿ ಬದುಕುತ್ತದೆ.

ಅವರ ಮಾತಿನಲ್ಲಿ ಗಿಡಕ್ಕೆ ತೋಡಿದರೂ ಕುಣಿ, ಹೆಣಕ್ಕೆ ತೋಡಿದರೂ ಕುಣಿ.

ಮೇಸ್ತ್ರಿ ಬೂದೆಪ್ಪ ಅಳತೆಯ ಕೋಲು ಹಿಡಿದು ಕುಣಿಯಿಂದ ಕುಣಿಗೆ ಓಡಾಡುತ್ತಿದ್ದ. ಅವನು ಅವರ ಪಕ್ಕದೂರಿನವನು, ಮೇಲಿನ ಜಾತಿಯವನು. ಅವರ ಊರಿಗೆ ಟೆಂಪೋ ತಂದು, ಕೇರಿಯ ಬಾಯಲ್ಲಿ ನಿಂತು, ಒಳಗೆ ಕಾಲಿಡದೆ ಹೆಸರು ಕೂಗಿ ಕೂಗಿ ಮಂದಿ ತುಂಬಿಕೊಂಡು ಬಂದಿದ್ದ. ಹೈದರಾಬಾದಿಗೆ ಬಂದಮೇಲೂ ಇವರಿಗೆ ಕುಡಿಯುವ ನೀರನ್ನು ಮೇಲಿನಿಂದಲೇ ಸುರಿಯುತ್ತಿದ್ದ. ಬೊಗಸೆ ಒಡ್ಡಬೇಕು. ಕ್ಯಾನು ಮುಟ್ಟಬಾರದು.

"ಊರಾಗಿನ ಪದ್ಧತಿ ಊರಾಗ ಬಿಟ್ಟು ಬರಾಕ ಆಕ್ಕತೇನ?" ಎಂದು ನಗುತ್ತಿದ್ದ.

ಕ್ಯಾನು ಬೇಗ ಖಾಲಿಯಾಗುತ್ತಿತ್ತು. ಗುಡ್ಡದ ಬುಡದಲ್ಲಿ ಟ್ಯಾಂಕರು ಯಾವಾಗಲೂ ತುಂಬಿ ನಿಂತಿರುತ್ತಿತ್ತು. ಅದು ಸಸಿಗಳ ನೀರು. ಅದರ ನಳಕ್ಕೆ ಬೀಗ, ಬೀಗದ ಕೈ ಬೂದೆಪ್ಪನ ಉಡದಾರದಲ್ಲಿ.

ಅವತ್ತು ಮಧ್ಯಾಹ್ನ ಒಂದು ಬಿಳಿ ಕಾರು ಬಂತು. ಕಂಪನಿಯ ಕಡೆಯಿಂದ ವತ್ಸಲಾ ಮೇಡಂ ಇಳಿದಳು. ಮೈಸೂರಿನವಳು. ಆಫೀಸಿನ ಮಂದಿಯನ್ನು ಕರೆತಂದು ಗಿಡ ನೆಡಿಸುವುದು, ಫೋಟೋ ತೆಗೆಸುವುದು, ಇಂಥ ಕೆಲಸವೆಲ್ಲ ಅವಳದು. ಅವಳ ಜೊತೆ ಗೋಪಿನಾಥ ಅಂತ ಒಬ್ಬ. ಗುಡ್ಡದ ಕೆಲಸದ ಉಸ್ತುವಾರಿಯನ್ನು ಕಂಪನಿ ಅವನಿಗೆ ಕೊಟ್ಟಿತ್ತು. ಅವನು ಕಾರಿನ ನೆರಳು ಬಿಟ್ಟು ಕದಲಲಿಲ್ಲ.

ವತ್ಸಲಾ ಹ್ಯಾಟು ಹಾಕಿಕೊಂಡು ಹತ್ತಿ ಬಂದಳು. ಹೆಂಗಸರು ಆಡುವ ಮಾತು ಕಿವಿಗೆ ಬಿದ್ದದ್ದೇ ಮುಖ ಅರಳಿತು.

"ಅಯ್ಯೋ, ನೀವೆಲ್ಲ ಕನ್ನಡದೋರಾ! ಎಷ್ಟು ಖುಷಿಯಾಯ್ತು ಗೊತ್ತಾ? ಈ ಊರಲ್ಲಿ ಕನ್ನಡ ಕೇಳಿಸಿದ್ರೆ ನಂಗೆ ಮನೇಗೆ ಹೋದ ಹಾಗೆ ಆಗತ್ತೆ."

ಅನ್ನಮ್ಮ ಕುಣಿಯೊಳಗಿನಿಂದ ತಲೆ ಎತ್ತಿ ನೋಡಿದಳು. "ಹೌದ್ರಿ ಅಕ್ಕಾರ" ಅಂದಳು.

ಮರುದಿನ ಕಂಪನಿಯ ಮಂದಿ ಬಸ್ಸಿನಲ್ಲಿ ಬರುವವರಿದ್ದರು. ತಮ್ಮ ಕೈಯಾರೆ ನೆಲ ಅಗೆದು ಗಿಡ ನೆಡಬೇಕು, ಅಗೆಯುವುದು ಫೋಟೋದಲ್ಲಿ ಕಾಣಬೇಕು, ಇದು ವತ್ಸಲಾಳ ಆಸೆ. ಆದರೆ ಈ ಬಂಡೆಯ ಮೇಲೆ ಅವರ ಪುಟ್ಟ ಸಲಿಕೆ ಏನು ಮಾಡೀತು? ಅವಳು ಕೈಯಲ್ಲಿದ್ದ ಕೊಡೆಯ ತುದಿಯಿಂದ ಅಲ್ಲಲ್ಲಿ ತಿವಿಯುತ್ತ ಹೋದಳು. ಎಲ್ಲಿ ತಿವಿದರೂ ಟಕ್ಕೆನ್ನುತ್ತಿತ್ತು. ಪೂರ್ವದ ಇಳಿಜಾರಿನಲ್ಲಿ, ಎರಡು ದೊಡ್ಡ ಗುಂಡುಗಳ ಮರೆಯಲ್ಲಿ ಸ್ವಲ್ಪ ಸಮತಟ್ಟಾದ ಜಾಗ. ಅಲ್ಲಿ ಕೊಡೆ ಗೇಣುದ್ದ ಒಳಗೆ ಇಳಿಯಿತು.

"ಗೋಪಿನಾಥ್! ಇಲ್ಲಿ ನೋಡಿ! ಇಲ್ಲಿ ಮಣ್ಣು ಎಷ್ಟು ಮೆತ್ತಗಿದೆ!"

ಅಲ್ಲೊಂದು ಇಲ್ಲೊಂದು ಕಲ್ಲಿನ ರಾಶಿಗಳಿದ್ದವು. ಅವನ್ನು ತೆಗೆಸಿ, ಮಣ್ಣು ಸಡಿಲ ಮಾಡಿಸಿ, ಪೆಂಡಾಲು ಹಾಕಿಸಿದರೆ ಆಯಿತು ಅಂದಳು. ಬೂದೆಪ್ಪ "ಆಗ್ಲಿ ಮೇಡಂ" ಅಂದ. ಅದು ಎಂಥ ಜಾಗ ಅನ್ನುವುದು ಅವನಿಗೆ ಗೊತ್ತಿತ್ತು.

ಆ ನೆಲ ಮೆತ್ತಗಿದ್ದದ್ದು ಅದನ್ನು ಮೊದಲೇ ತೋಡಿದ್ದರಿಂದ. ಗುಡ್ಡದ ಹಿಂದೆ ಕಲ್ಲುಕ್ವಾರಿ ನಡೆಯುತ್ತಿದ್ದ ಕಾಲದಿಂದ, ದೂರದೂರಿನಿಂದ ಬಂದು ಇಲ್ಲಿ ಸತ್ತ ಕೂಲಿಗಳನ್ನು ಅಲ್ಲೇ ಹೂಳುತ್ತಿದ್ದರು. ಒರಿಸ್ಸಾದವರಿದ್ದರು, ತೆಲಂಗಾಣದ ಪಾಲಮೂರಿನವರಿದ್ದರು. ಕಲ್ಲಿನ ಪ್ರತಿ ರಾಶಿಯ ಕೆಳಗೆ ಒಬ್ಬೊಬ್ಬರಿದ್ದರು. ಕೊನೆಯ ರಾಶಿಯ ಕೆಳಗೆ ಅನ್ನಮ್ಮನ ತಂಗಿ ಉಮಾಶ್ರೀ ಇದ್ದಳು.

ಉಮಾಶ್ರೀಯನ್ನು ಅನ್ನಮ್ಮನೇ ಎತ್ತಿ ಆಡಿಸಿ ಬೆಳೆಸಿದ್ದಳು. ಗಂಡ ಬಿಟ್ಟುಹೋದಮೇಲೆ ತಂಗಿ ಅಕ್ಕನ ಜೊತೆಗೇ ದುಡಿಯುತ್ತಿದ್ದಳು. ಬಾಯಿ ಜೋರು. ಬೂದೆಪ್ಪ ನೀರು ಸುರಿಯುವಾಗ ಬೊಗಸೆ ಒಡ್ಡುತ್ತಿರಲಿಲ್ಲ. "ನಾ ಏನು ದನ ಏನ್ರಿ?" ಅಂದು, ತನ್ನದೇ ಒಂದು ತಂಬಿಗೆ ತಂದು ಮುಂದೆ ಇಡುತ್ತಿದ್ದಳು. ಅದಕ್ಕೆ ಅವನು ಅವಳ ಸರದಿಯನ್ನು ಕಡೆಗೆ ಹಾಕುತ್ತಿದ್ದ. ಅಷ್ಟೊತ್ತಿಗೆ ಕ್ಯಾನು ಖಾಲಿ.

ಹೋದ ವರ್ಷದ ಬ್ಯಾಸಗಿ, ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಇದೇ ಕೆಲಸ. ಬಂಡೆಗೆ ಬೆಂಕಿ ಹಾಕಿದ್ದ ದಿನ. ಉಮಾಶ್ರೀ ಕುಣಿಯೊಳಗೆ ಇಳಿದು ಉಳಿ ಹೊಡೆಯುತ್ತಿದ್ದಳು. ನೀರಡಿಕೆ ಅಂದಳು. ಕ್ಯಾನಿನಲ್ಲಿ ನೀರಿರಲಿಲ್ಲ. ಅನ್ನಮ್ಮ ಗುಡ್ಡ ಇಳಿದು ಓಡಿ ಬೂದೆಪ್ಪನ ಮುಂದೆ ಸೆರಗೊಡ್ಡಿ ನಿಂತಳು. ಟ್ಯಾಂಕರಿನ ನೆರಳಲ್ಲಿ ಅವನು ಮಲಗಿದ್ದ.

"ಎಪ್ಪಾ, ಒಂದು ತಂಬಿಗಿ ನೀರು ಬಿಡ್ರಿ. ಹುಡುಗಿ ಒದ್ದ್ಯಾಡಾಕತ್ತಾಳ."

"ಅದು ಗಿಡದ ನೀರು. ಕಂಪನ್ಯಾರು ಲೆಕ್ಕ ಕೇಳ್ತಾರ. ಕ್ಯಾನಿನ ಗಾಡಿ ಬರ್ತೈತಿ, ತಡಿ."

ಕ್ಯಾನಿನ ಗಾಡಿ ಬರಲಿಲ್ಲ. ಅನ್ನಮ್ಮ ವಾಪಸು ಹತ್ತುವಷ್ಟರಲ್ಲಿ ತಂಗಿ ತಾನು ತೋಡುತ್ತಿದ್ದ ಕುಣಿಯಲ್ಲೇ ಬಾಗಿ ಬಿದ್ದಿದ್ದಳು. ತೋಳು ಹಿಡಿದು ಮೇಲೆತ್ತಿದರು. ಮೈ ಕಾದ ಹೆಂಚಾಗಿತ್ತು. ಒಂದು ಹನಿ ಬೆವರಿರಲಿಲ್ಲ. ಕಣ್ಣು ತೆರೆದೇ ಇದ್ದವು. ಮಣ್ಣಿನ ಲಾರಿ ಖಾಲಿ ನಿಂತಿತ್ತು. ಅದರಲ್ಲಿ ದವಾಖಾನೆಗೆ ಒಯ್ಯೋಣ ಅಂದರೆ ಬೂದೆಪ್ಪ ಫೋನಿನಲ್ಲಿ ಗೋಪಿನಾಥನನ್ನು ಕೇಳಿದ. ಲಾರಿ ಕೊಡಬೇಡ ಅಂತ ಆ ಕಡೆಯಿಂದ ಬಂತು. ಬೂದೆಪ್ಪ ಫೋನು ಕಿವಿಗಿಟ್ಟು ನಿಂತೇ ಇದ್ದ. ಅಕ್ಕನ ತೊಡೆಯ ಮೇಲೆ ಉಮಾಶ್ರೀಯ ಉಸಿರು ನಿಂತಿತು.

"ಪೊಲೀಸರಿಗೆ ತಿಳಿದ್ರ ಹೆಣ ಕೊಯ್ತಾರ," ಎಂದು ಬೂದೆಪ್ಪ ಆಮೇಲೆ ಹೇಳಿದ. "ಕೊಯ್ದು ಚೀಲದಾಗ ಹಾಕಿ ಕೊಡ್ತಾರ. ಆ ಮ್ಯಾಲ ನಿಮ್ಮನ್ನ ಒಳಗ ಹಾಕ್ತಾರ. ಸುಮ್ಮ ಮಣ್ಣು ಮಾಡ್ರಿ."

ಅವರು ಹೆದರಿದರು. ಗುಡ್ಡದ ಕೆಳಗಿನ ಊರಿಗೆ ಹೋಗಿ ಸುಡುಗಾಡು ಕೇಳಿದರು. ಮೇಲಿನ ಜಾತಿಯವರು ಅಂಗಳದಿಂದಲೇ ಅಟ್ಟಿದರು. ಆ ಊರಿನ ಮಾದಿಗವಾಡದ ಮುದುಕನೊಬ್ಬ ಮಾತ್ರ ಕೂರಿಸಿ ನೀರು ಕೊಟ್ಟ. "ನಮ್ಮ ಸುಡುಗಾಡ ಪ್ಲಾಟ್ ಮಾಡಿ ಮಾರಿಕೊಂಡ್ರಮ್ಮಾ. ನನ್ನನ್ನ ಎಲ್ಲಿ ಹೂಳ್ತಾರೋ ನನಗೇ ತಿಳೀದು," ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿ ಅತ್ತ. ಗುಂಡುಗಳ ಮರೆಯ ಜಾಗ ತೋರಿಸಿದವನೂ ಅವನೇ.

ಅನ್ನಮ್ಮನ ಗಂಡ ಗೊಲ್ಲಾಳಪ್ಪ ಕುಣಿ ತೋಡಿದ. ಮುಚ್ಚುವುದಕ್ಕೆ ಅಲ್ಲಿದ್ದದ್ದು ಬರೀ ಕಲ್ಲು, ಗರಸು. ನಾಯಿ ನರಿ ಕೆದರಿಯಾವು ಅಂತ ಅನ್ನಮ್ಮ ಕೆಮ್ಮಣ್ಣಿನ ರಾಶಿಯಿಂದ ಪುಟ್ಟಿ ತುಂಬಿಕೊಂಡು ಬಂದಳು. ಬೂದೆಪ್ಪ ಅಡ್ಡ ನಿಂತ.

"ಅದು ಗಿಡದ ಮಣ್ಣು!"

ಅನ್ನಮ್ಮ ಅವನ ಮಾತಿಗೆ ನಿಲ್ಲಲಿಲ್ಲ. ಪುಟ್ಟಿಯ ಮೇಲೆ ಪುಟ್ಟಿ ತಂದು ತಂಗಿಯ ಮೇಲೆ ಸುರಿದಳು. ಅವತ್ತು ಅಷ್ಟೇ ಮಾಡಿದ್ದು. ಮರುದಿನ ಮತ್ತೆ ಹಾರೆ ಹಿಡಿದಳು. ಹೊಟ್ಟೆ ಯಾರ ಸಾವಿಗೂ ನಿಲ್ಲುವುದಿಲ್ಲ. ಆದರೆ ಅವತ್ತು ಬೂದೆಪ್ಪನ ಕೊರಳ ಪಟ್ಟಿ ಹಿಡಿಯಲಿಲ್ಲವಲ್ಲ ಎಂಬ ಸಿಟ್ಟು ಅವಳ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು.

ಈಗ ಬೂದೆಪ್ಪ ಅವಳ ಕುಣಿಯ ಮೇಲೆ ಬಂದು ನಿಂತ.

"ಏ ಅನ್ನಮ್ಮ, ಅದನ್ನ ಬಿಡು. ಎಲ್ಲಾರೂ ಮೂಡಲ ಕಡೆ ನಡೀರಿ. ಆ ಕಲ್ಲು ತಗದು, ನೆಲ ಸಡ್ಲ ಮಾಡ್ಬೇಕು. ಜಲ್ದಿ."

ಅನ್ನಮ್ಮ ಕುಣಿಯಿಂದ ಮೇಲೆ ಬಂದಳು.

"ಯಾವ ಕಲ್ಲು?"

"ನಿನಗ ಗೊತ್ತಿಲ್ಲೇನ ಯಾವ ಕಲ್ಲಂತ?"

"ಗೊತ್ತೈತಿ. ನಿನ್ನ ಬಾಯಿಂದ ಕೇಳ್ಬೇಕಿತ್ತು."

ಇಷ್ಟು ದಿನ ಅವನಿಗೆ ರಿ ಹಚ್ಚಿ ಮಾತಾಡಿದವಳು ಏಕವಚನಕ್ಕೆ ಇಳಿದದ್ದು ಬೂದೆಪ್ಪನ ಕಿವಿಗೆ ಬಡಿಯಿತು. ಸುತ್ತಲಿನ ಹಾರೆಗಳ ಸದ್ದು ನಿಂತಿತು. ಅವನು ದನಿ ತಗ್ಗಿಸಿ, "ಸುಮ್ಕ ಹೇಳಿದಷ್ಟು ಮಾಡು. ಒಂದು ಮಳಕೈ ಆಳ ಅಷ್ಟ ಸಾಕು. ಕೆಳಗಿಂದು ಕೆಳಗ ಇರ್ತೈತಿ," ಅಂದ.

ಕೆಳಗಿಂದು. ತಂಗಿಗೆ ಅವನು ಇಟ್ಟ ಹೆಸರು ಅದು.

ಗೊಲ್ಲಾಳಪ್ಪ ಹೆಂಡತಿಯ ತೋಳು ಹಿಡಿದ. ಅವನು ಹೆದರುವ ಮನುಷ್ಯ. ಕಲ್ಲಿನ ಧೂಳು ಕುಡಿದು ಎದೆ ಹಾಳಾಗಿತ್ತು. ಈ ಕೆಲಸ ಬಿಟ್ಟರೆ ತನ್ನನ್ನು ಇನ್ನಾರೂ ಕರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಬ್ಯಾಡ ಬಿಡ. ನಾ ಸಾವಕಾಶ ತಗೀತೀನಿ. ಅಕೀಗಿ ತಾಕದಂಗ ತಗೀತೀನಿ."

"ಹೂಳಿದ ಕೈಲೆ ತಗೀತಿ?"

ಅವನು ತೋಳು ಬಿಟ್ಟ. ಆದರೂ ಹಾರೆ ಎತ್ತಿಕೊಂಡು ಮುಂದೆ ಹೋದ. ಅನ್ನಮ್ಮ ಅವನಿಗಿಂತ ಮೊದಲು ಓಡಿದಳು. ಗುಂಡುಗಳ ಮರೆಗೆ ಹೋಗಿ, ಕೊನೆಯ ಕಲ್ಲುರಾಶಿಯ ಮೇಲೆ ಬೋರಲು ಬಿದ್ದಳು. ಕಲ್ಲು ಕಾದಿದ್ದವು. ಎದೆ, ಹೊಟ್ಟೆ ಚುರ್ ಅಂದಿತು.

"ಹೊಡಿ. ಹೊಡಿ ಹಾರಿ. ನನ್ನ ಬೆನ್ನಾಗಿಂದ ಹೊಡಿ. ನಾನೂ ಮೆತ್ತಗ ಅದೀನಿ."

ಗೊಲ್ಲಾಳಪ್ಪ ಹಾರೆ ಹಿಡಿದು ನಿಂತ. ಹಾರೆ ಕೆಳಗೆ ಬಿತ್ತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ.

ಗದ್ದಲ ಕೇಳಿ ವತ್ಸಲಾ ಬಂದಳು. "ಏನಾಯ್ತು? ಇವರಿಗೆ ಹುಷಾರಿಲ್ವಾ?"

ಬೂದೆಪ್ಪ ಹೇಳುವ ಮೊದಲು ಅನ್ನಮ್ಮ ಎದ್ದು ಕೂತಳು. ಸೀರೆಯ ತುಂಬ ಗರಸು.

"ಅಕ್ಕಾರ, ಇದರ ಕೆಳಗ ನನ್ನ ತಂಗಿ ಅದಾಳ. ಹ್ವಾದ ವರ್ಷ ನಿಮ್ಮ ಗಿಡಕ್ಕ ಕುಣಿ ತೋಡೂ ಮುಂದ ಸತ್ತಳು. ಆ ಕಡೆ ಇರೂವೂ ಎಲ್ಲಾ ಕೂಲಿ ಮಂದಿ ಕುಣಿ."

ವತ್ಸಲಾಳ ಕಾಲು ಎರಡು ಹೆಜ್ಜೆ ಹಿಂದೆ ಹೋದವು. ತಾನು ಕೊಡೆ ಚುಚ್ಚಿದ ಜಾಗವನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ. ಅವಳು ಕೆಟ್ಟವಳಾಗಿರಲಿಲ್ಲ. ಮರುದಿನ ಬಸ್ಸುಗಳು ಬರುವುದಿತ್ತು, ಅಷ್ಟೇ.

"ಅಯ್ಯೋ ದೇವರೇ. ನಂಗೆ ಯಾರೂ ಹೇಳ್ಲಿಲ್ಲಮ್ಮ," ಅಂದಳು. ಕಾರಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ನೋಡಿಮ್ಮ, ಹೀಗೂ ಯೋಚ್ನೆ ಮಾಡ್ಬಹುದಲ್ವಾ? ನಿಮ್ಮ ತಂಗಿ ಮೇಲೆ ಒಂದು ಮರ ಬೆಳೆದ್ರೆ ಎಷ್ಟು ಚೆನ್ನಾಗಿರತ್ತೆ. ನೆರಳು, ಹೂವು, ಹಕ್ಕಿ. ಅವರಿಗೂ ಶಾಂತಿ ಸಿಗತ್ತೆ."

ಅನ್ನಮ್ಮ ಅವಳನ್ನೇ ನೋಡಿದಳು. ಆ ಮಾತು ಅವಳ ಒಳಗೆ ಎಲ್ಲಿಗೋ ತಾಗಿತು. ಉಮಾಶ್ರೀಗೆ ಹೊಂಗೆ ನೆರಳೆಂದರೆ ಪ್ರಾಣ. ಒಂದು ಗಳಿಗೆ ಅವಳಿಗೆ ಆಗಲಿ ಅನ್ನಿಸಿತು.

"ಗಿಡಕ್ಕ ಹೆಸರಿನ ಹಲಗಿ ಹಾಕ್ತೀರಲ್ರಿ? ನೆಟ್ಟವರ ಹೆಸರು ಬರದು?"

"ಹೌದು, ಪ್ರತಿ ಗಿಡಕ್ಕೂ ಹಾಕ್ತೀವಿ."

"ಇದಕ್ಕ ನನ್ನ ತಂಗಿ ಹೆಸರು ಬರೀರಿ. ಉಮಾಶ್ರೀ ಅಂತ ಬರೀರಿ. ಈ ಗುಡ್ಡದಾಗ ಕುಣಿ ತೋಡೂ ಮುಂದ ಸತ್ತಳು ಅಂತ ಬರೀರಿ. ಬರದ್ರ ನಾನ ನನ್ನ ಕೈಯಾರೆ ಮಣ್ಣು ಸಡ್ಲ ಮಾಡಿ ಕೊಡ್ತೀನಿ."

ವತ್ಸಲಾ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಹಲಗಿ ಬ್ಯಾಡಾದ್ರ ಬಿಡ್ರಿ. ಇಲ್ಲಿ ಸುಣ್ಣ ಐತಿ. ಈ ಗುಂಡಿನ ಮ್ಯಾಲ ಬರೀರಿ. ನಮಗ ಬರಿಯಾಕ ಬರೂದಿಲ್ಲ. ನೀವು ಕನ್ನಡದವರು ಅಲ್ಲೇನ್ರಿ? ಕನ್ನಡ ಕೇಳಿದ್ರ ಮನಿಗಿ ಹ್ವಾದಂಗ ಆಕ್ಕತಿ ಅಂದ್ರಿ."

ಗುರುತು ಹಾಕುವ ಸುಣ್ಣದ ಡಬ್ಬಿಯನ್ನು ಅವಳು ಎರಡೂ ಕೈಯಿಂದ ಮುಂದೆ ಚಾಚಿದಳು. ವತ್ಸಲಾಳ ಕೈ ಅರ್ಧ ಮುಂದೆ ಬಂತು. ಅಷ್ಟರಲ್ಲಿ, ಗದ್ದಲ ಕೇಳಿ ಅರ್ಧ ಗುಡ್ಡ ಹತ್ತಿದ್ದ ಗೋಪಿನಾಥ, "ಮೇಡಂ, ಏನೂ ಒಪ್ಕೋಬೇಡಿ! ಏನೂ ಬರೀಬೇಡಿ! ಲೀಗಲ್ ಪ್ರಾಬ್ಲಂ ಆಗತ್ತೆ!" ಎಂದು ಕೂಗಿದ.

ಕೈ ಹಿಂದಕ್ಕೆ ಹೋಯಿತು. ಹ್ಯಾಟಿನ ಅಂಚು ಸರಿಮಾಡಿಕೊಂಡಿತು.

"ಇದು ನನ್ನ ಕೈಯಲ್ಲಿಲ್ಲಮ್ಮ. ಅರ್ಥ ಮಾಡ್ಕೊಳ್ಳಿ. ಮರ ಇರತ್ತಲ್ಲ, ಅದೇ ನೆನಪು. ಹೆಸರು ಯಾಕೆ?"

"ಹಂಗಾರ ನಿಮ್ಮ ಅವ್ವನ ಕುಣಿ ಮ್ಯಾಲ ನೆಡ್ರಿ," ಅಂದಳು ಅನ್ನಮ್ಮ. "ಹೆಸರಿಲ್ಲದ ಗಿಡ ಅಲ್ಲಿ ನೆಡ್ರಿ. ಅಲ್ಲಿ ನಿಮ್ಮ ಮಂದಿ ಫೋಟೋ ತಗಸ್ಕೊಳ್ಳಿ."

ವತ್ಸಲಾ ಮುಖಕ್ಕೆ ಹೊಡೆಸಿಕೊಂಡವಳಂತೆ ಇಳಿದು ಹೋದಳು. ಬೂದೆಪ್ಪನ ನಾಲಿಗೆ ಈಗ ಹರಿಯಿತು. ಸೊಕ್ಕಿನ ಮಾದಗಿತ್ತಿ ಅಂದ. ಊರಿಗೆ ಹೋದಮೇಲೆ ನೋಡಿಕೊಳ್ಳುತ್ತೇನೆ ಅಂದ. ನೀವಲ್ಲದಿದ್ದರೆ ಬೇರೆ ಮಂದಿ, ನಾನು ತೋಡಿಸದೆ ಬಿಡುವವನಲ್ಲ ಅಂದ.

ಅನ್ನಮ್ಮ ಸುಣ್ಣದ ಡಬ್ಬಿ ಕೆಳಗಿಟ್ಟಳು. ಎದ್ದು, ತಾನು ಬೆಳಗಿನಿಂದ ತೋಡುತ್ತಿದ್ದ ಕುಣಿಯ ಹತ್ತಿರ ನಡೆದಳು. ದಂಡೆಯ ಮೇಲೆ ಅವಳೇ ಎತ್ತಿ ಹಾಕಿದ ಕಲ್ಲುಗಳಿದ್ದವು. ಒಂದು ಕಲ್ಲನ್ನು ಎತ್ತಿ ಒಳಗೆ ಒಗೆದಳು. ಇನ್ನೊಂದು ಒಗೆದಳು. ಆಮೇಲೆ ಕಾಲಿನಿಂದ ಗರಸನ್ನು ದಬ್ಬಿದಳು.

"ಏನ್ ಮಾಡಾಕತ್ತಿ?" ಬೂದೆಪ್ಪ ಚೀರಿದ.

"ಮುಚ್ಚಾಕತ್ತೀನಿ. ನಾ ತೋಡಿದ್ದು ನಾ ಮುಚ್ತೀನಿ."

"ಅದು ಕಂಪನಿ ಕುಣಿ!"

"ಕುಣಿ ಕಂಪನೀದಲ್ಲ. ಅದರಾಗ ನನ್ನ ರಟ್ಟಿ ಐತಿ. ನನ್ನ ರಟ್ಟಿ ನಾ ವಾಪಸ್ ತಗೋತೀನಿ."

ಅವಳ ಕುಣಿ ಮುಚ್ಚಿತು. ಪಕ್ಕದ್ದಕ್ಕೆ ಹೋದಳು. ಅದು ಕೇರಿಯ ಇನ್ನೊಬ್ಬ ಹೆಂಗಸು ತೋಡಿದ್ದು. ಆ ಹೆಂಗಸು ಅನ್ನಮ್ಮನನ್ನು ನೋಡಿದಳು. ಸಲಿಕೆ ತಗೊಂಡು ತಾನೇ ಮುಚ್ಚತೊಡಗಿದಳು. ಆಮೇಲೆ ಮತ್ತೊಬ್ಬಳು. ಗಂಡಸರು ನಿಂತು ನೋಡುತ್ತಿದ್ದರು. ನಾಚಿಕೆ ಬಂದು ಒಬ್ಬೊಬ್ಬರೇ ಬಾಗಿದರು.

ಬೂದೆಪ್ಪ ಕೋಲು ಬೀಸಿಕೊಂಡು ನುಗ್ಗಿದ. ಅನ್ನಮ್ಮನ ಬೆನ್ನಿಗೆ ಒಂದು ಪೆಟ್ಟು ಬಿತ್ತು. ಎರಡನೆಯದನ್ನು ಗೊಲ್ಲಾಳಪ್ಪ ಹಿಡಿದ. ಆ ಹೆದರುವ ಮನುಷ್ಯ ಕೋಲನ್ನು ಕಸಿದುಕೊಂಡ. ಬೂದೆಪ್ಪನನ್ನು ಹೊಡೆಯಲಿಲ್ಲ. ಕೋಲನ್ನು ಒಂದು ಕುಣಿಯಲ್ಲಿ ನಿಲ್ಲಿಸಿ, ಅದರ ಸುತ್ತ ಕಲ್ಲು ತುಂಬಿ, ಮೇಲೆ ಗರಸು ಎಳೆದು ತುಳಿದ. ಕೆಮ್ಮುತ್ತ ತುಳಿದ. ಬೂದೆಪ್ಪ ಬರಿಗೈಯಲ್ಲಿ ನಿಂತು ಅವರಿವರ ಮುಖ ನೋಡಿದ. ಅವನ ಕಡೆ ಯಾರೂ ಇರಲಿಲ್ಲ. ಗುಡ್ಡ ಇಳಿದು ಓಡಿದ.

ಒಂದು ಬ್ಯಾಸಗಿ ಇಡೀ ತೋಡಿದ್ದನ್ನು ಮುಚ್ಚುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಹೊತ್ತು ಮುಳುಗುವಾಗ ಗುಡ್ಡ ಮತ್ತೆ ಗುಡ್ಡವಾಗಿತ್ತು. ಅವರು ತಗಡಿನ ಶೆಡ್ಡಿಗೆ ಹೋಗಲಿಲ್ಲ. ಗುಂಡುಗಳ ಮರೆಯಲ್ಲಿ ಕಲ್ಲುರಾಶಿಗಳ ನಡುವೆಯೇ ರೊಟ್ಟಿ ಬಿಚ್ಚಿ ತಿಂದು ಅಲ್ಲೇ ಉಳಿದರು.

ಮರುದಿನ ಬಸ್ಸುಗಳು ಬಂದವು. ಹಸಿರು ಅಂಗಿ ತೊಟ್ಟ ಹುಡುಗ ಹುಡುಗಿಯರು ನಗುತ್ತ ಇಳಿದರು. ಗುಡ್ಡದ ಮೇಲೆ ಒಂದು ಕುಣಿಯೂ ಇರಲಿಲ್ಲ. ಮೇಲೆ ಸಾಲಾಗಿ ಕೂತ ಕರಿಯ ಮಂದಿಯನ್ನು ಅವರು ಕೈ ಅಡ್ಡ ಹಿಡಿದು ನೋಡಿದರು. ವತ್ಸಲಾ ಎತ್ತಲೂ ನೋಡದೆ ಓಡಾಡಿದಳು. ಬುಡದಲ್ಲಿದ್ದ ಕೆಮ್ಮಣ್ಣಿನ ರಾಶಿಯನ್ನು ಹರಡಿಸಿದಳು. ಸಸಿಗಳನ್ನು ಕರಿ ಪ್ಲಾಸ್ಟಿಕ್ ಚೀಲ ಸಮೇತ ಅದರಲ್ಲಿ ಊರಿದರು. ಒಬ್ಬೊಬ್ಬರೂ ಮಂಡಿಯೂರಿ ಕೂತು, ಚೀಲದ ಸುತ್ತ ಮಣ್ಣು ಒತ್ತಿ, ಕ್ಯಾಮೆರಾ ನೋಡಿ ನಕ್ಕರು. ಟ್ಯಾಂಕರಿನ ಬೀಗ ತೆಗೆಸಿ ನೀರು ಹಾಕಿದರು. ಬಿಸಿಲೇರುವ ಮೊದಲೇ ಬಸ್ಸು ಹೋದವು.

ಬಸ್ಸಿನ ಹಿಂದೆಯೇ ಪೊಲೀಸ್ ಜೀಪು ಬಂತು.

ಠಾಣೆಯಲ್ಲಿ ಅನ್ನಮ್ಮ, ಗೊಲ್ಲಾಳಪ್ಪ ನೆಲದ ಮೇಲೆ. ಬೂದೆಪ್ಪ, ಗೋಪಿನಾಥ ಕುರ್ಚಿಯ ಮೇಲೆ. ಎಸ್ಸೈ ತೆಲುಗಿನಲ್ಲಿ ಕೇಳಿದ. ಪರವಾನಗಿ ಇಲ್ಲದೆ ಕಂಪನಿಯ ಜಾಗದಲ್ಲಿ ಹೆಣ ಹೂತಿದ್ದೀರಿ, ಕೆಲಸ ಕೆಡಿಸಿದ್ದೀರಿ, ಇದು ಗುನ್ಹೆ, ಗೊತ್ತೇನು? ಹೆಣವನ್ನು ತೆಗೆದುಕೊಂಡು ಹೋಗದಿದ್ದರೆ ಇಬ್ಬರನ್ನೂ ಒಳಗೆ ಹಾಕುತ್ತೇನೆ.

ಹೋದ ವರ್ಷ ಅನ್ನಮ್ಮ ಇದೇ ಮಾತಿಗೆ ಬಗ್ಗಿದ್ದಳು. ಪೊಲೀಸರು ಕೊಯ್ಯುತ್ತಾರೆ ಅನ್ನುವ ಹೆದರಿಕೆಗೆ ತಂಗಿಯನ್ನು ಕಳ್ಳಮಾಲಿನ ಹಾಗೆ ಹೂತಿದ್ದಳು. ಈಗ ಅವಳು ಗೋಪಿನಾಥನ ಕಾಲನ್ನು ನೋಡುತ್ತಿದ್ದಳು. ಮಿರುಗುವ ಬೂಟಿನೊಳಗೆ ಆ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಹೆದರಿದ್ದು ಅವನು.

"ತಗೀರಿ ಸಾಹೇಬ್ರ," ಅಂದಳು. ಬರುವ ತೆಲುಗು, ಬರುವ ಹಿಂದಿ ಎಲ್ಲ ಸೇರಿಸಿ ಹೇಳಿದಳು. "ನೀವ ತಗಸ್ರಿ. ಡಾಕ್ಟರ್ನ ಕರಸ್ರಿ, ಕೊಯ್ರಿ. ನಾ ನಿಂತು ನೋಡ್ತೀನಿ. ಆದ್ರ ಮೊದಲ ಬರಕೋರಿ. ಯಾರ ಕೆಲಸದಾಗ ಸತ್ತಳು, ಬರಕೋರಿ. ತುಂಬಿದ ಟ್ಯಾಂಕರ್ ಎದುರಿಗಿಟ್ಟು ಬೀಗ ಹಾಕಿದವರು ಯಾರು, ಬರಕೋರಿ. ಖಾಲಿ ಲಾರಿ ಕೊಡಬ್ಯಾಡ ಅಂತ ಫೋನಿನಾಗ ಹೇಳಿದವರು ಯಾರು, ಬರಕೋರಿ."

ಎಸ್ಸೈ ಪೆನ್ನು ಎತ್ತಲಿಲ್ಲ. ಬೂದೆಪ್ಪನ ಕಡೆ ತಿರುಗಿದ. "ಕೆಲಸದ ಮೇಲೆ ಸತ್ತಳಾ?"

ಬೂದೆಪ್ಪ ಗೋಪಿನಾಥನನ್ನು ನೋಡಿದ. ಗೋಪಿನಾಥ ಫೋನು ಹಿಡಿದು ಹೊರಗೆ ಹೋದ. ಒಳಗೆ ಬಂದು ಎಸ್ಸೈ ಕಿವಿಯಲ್ಲಿ ಏನೋ ಹೇಳಿದ. ಕಂಪನಿಯ ಕಡೆಯಿಂದ ಕಂಪ್ಲೇಂಟು ಇಲ್ಲವಂತೆ. ಹೆಣವೂ ಇಲ್ಲವಂತೆ. ಅದೆಲ್ಲ ಹಳೆಯ ಕಲ್ಲಿನ ರಾಶಿಗಳಂತೆ.

"ಪೋ ಅಮ್ಮಾ, ಪೋ," ಎಂದ ಎಸ್ಸೈ.

"ಹಂಗಾರ ನನ್ನ ಕಂಪ್ಲೇಂಟ್ ಬರಕೋರಿ."

"ಪೋ ಅಂಟುನ್ನಾ ಕದಾ!" ಹೋಗು ಅಂತಿದ್ದೀನಲ್ಲ ಎಂದು ಅವನು ಗದರಿದ.

ಅವಳು ಹೋಗಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಕೂತಳು. ಮರುದಿನವೂ ಬಂದು ಕೂತಳು. ಅದರ ಮರುದಿನವೂ. ಕಾನ್‌ಸ್ಟೇಬಲ್‌ಗಳು ಅವಳನ್ನು ದಾಟಿಕೊಂಡು ಓಡಾಡಿದರು. ಯಾರೂ ಬರೆದುಕೊಳ್ಳಲಿಲ್ಲ. ಅಷ್ಟರಲ್ಲಿ ಗುಡ್ಡದ ಕೆಳಗಿನ ತಗಡಿನ ಶೆಡ್ಡುಗಳನ್ನು ಬೂದೆಪ್ಪ ಕಿತ್ತು ಹಾಕಿಸಿದ್ದ. ಬೋಗುಣಿ ಬಟ್ಟೆಗಳು ರಸ್ತೆಯ ಮೇಲಿದ್ದವು. ಗುಡ್ಡದ ಸುತ್ತ ಮುಳ್ಳುತಂತಿ ಬಂತು. ತಂತಿಯ ಒಳಗೆ ಚೀಲದಲ್ಲೇ ಒಣಗಿದ ಸಸಿಗಳಿದ್ದವು. ಕೆಮ್ಮಣ್ಣಿನ ಕೆಳಗೆ ಉಮಾಶ್ರೀ ಇದ್ದಳು. ಅವಳನ್ನು ಯಾರೂ ಅಗೆಯಲಿಲ್ಲ. ಅಕ್ಕನೂ ಇನ್ನು ಅವಳ ಹತ್ತಿರ ಹೋಗುವ ಹಾಗಿರಲಿಲ್ಲ. ಇದನ್ನು ಗೆದ್ದದ್ದು ಅನ್ನಬೇಕೋ ಸೋತದ್ದು ಅನ್ನಬೇಕೋ ಅನ್ನಮ್ಮನಿಗೆ ತಿಳಿಯಲಿಲ್ಲ.

ಕೇರಿಯವರು ಅರ್ಧ ಮಂದಿ ಕಾಚಿಗೂಡದಲ್ಲಿ ರೈಲು ಹತ್ತಿ ಊರಿಗೆ ಹೋದರು. ಊರಲ್ಲಿ ಬೂದೆಪ್ಪನ ಮಂದಿ ಕಾದಿರುತ್ತಾರೆಂದು ಅನ್ನಮ್ಮ, ಗೊಲ್ಲಾಳಪ್ಪ ಮತ್ತೆ ಕೆಲವರು ಹೈದರಾಬಾದಿನಲ್ಲೇ ಉಳಿದರು. ಈಗ ಬೆಳಗಾದರೆ ಮೆಹದಿಪಟ್ಟಣಂನ ಮೇಲ್ಸೇತುವೆಯ ಕಂಬಗಳ ಹತ್ತಿರ ಹಾರೆ, ಸಲಿಕೆ ಮುಂದಿಟ್ಟುಕೊಂಡು ನಿಲ್ಲುತ್ತಾರೆ. ಯಾರಾದರೂ ಬಂದು ಕರೆದರೆ ಕೂಲಿ. ಕರೆಯದಿದ್ದರೆ ಅವತ್ತು ಉಪವಾಸ.

ಮಳೆಗಾಲ ಶುರುವಾದಮೇಲೆ ಒಂದು ದಿನ ರಾಯಚೂರಿನ ಕಡೆಯವನೇ ಒಬ್ಬ ಮೇಸ್ತ್ರಿ ಟೆಂಪೋ ತಂದು ನಿಲ್ಲಿಸಿದ. ಅನ್ನಮ್ಮ, ಗೊಲ್ಲಾಳಪ್ಪ ಹಿಂದಿನ ದಿನವೂ ಕೆಲಸ ಸಿಗದೆ ವಾಪಸು ಹೋದವರು.

"ಗಿಡ ಹಚ್ಚಾಕ ಕುಣಿ ತೋಡೋರು ಬೇಕು. ಊರ ಹೊರಗ ಜಾಗಾ. ಮೆತ್ತನ ನೆಲ, ಕಲ್ಲು ಇಲ್ಲ. ಆರಾಮ್ ಕೆಲಸ. ಬರ್ತೀರೇನ?"

ಗೊಲ್ಲಾಳಪ್ಪ ಹಾರೆಗೆ ಕೈ ಹಾಕಿದ. ಅನ್ನಮ್ಮ ಅದರ ಮೇಲೆ ಕಾಲಿಟ್ಟಳು.

"ಮೆತ್ತನ ನೆಲ?" ಅಂದಳು.

"ಹೌದು. ಬೆಣ್ಣಿ ಇದ್ದಂಗ ಐತಿ."

"ಹಂಗಾರ ಮೊದಲ ಹೇಳು. ಅದರಾಗ ಯಾರ್ಯಾರು ಅದಾರ?"

ಮೇಸ್ತ್ರಿ ಅವಳನ್ನು ಮೇಲೆ ಕೆಳಗೆ ನೋಡಿದ. ಹುಚ್ಚಿ ಅಂದುಕೊಂಡನೋ ಏನೋ, ಮುಂದಿನ ಗುಂಪಿನ ಕಡೆ ನಡೆದ. ಟೆಂಪೋ ತುಂಬಿತು, ಹೋಯಿತು. ಗೊಲ್ಲಾಳಪ್ಪ ಹಾರೆಯಿಂದ ಕೈ ತೆಗೆದು ಅವಳ ಪಕ್ಕದಲ್ಲಿ ನಿಂತ.